ಅರ್ಥ ಒಂದು, ಪದ ಹಲವು: ಎಳೆಯ ಮಕ್ಕಳಿಗೆ ಸಮಾನಾರ್ಥಕ ಪದಗಳನ್ನು ಕಲಿಸುವ ಬಗೆ

ಸದ್ಭಕ್ತರ ಮನೆಗಳಲ್ಲಿ ಪ್ರಾಥಮಿಕ ಶಾಲೆಗೆ ಹೋಗುವ ಮಕ್ಕಳಿದ್ದರೆ, ಅವರ ಕನ್ನಡ ನೋಟುಪುಸ್ತಕದಲ್ಲಿ ‘ಸಮಾನಾರ್ಥಕ ಪದಗಳನ್ನು ಬರೆಯಿರಿ’ ಎಂಬ ಪ್ರಶ್ನೆಯನ್ನು ಹಿರಿಯರು ಕಂಡೇ ಇರುತ್ತಾರೆ. ಎಡಗಡೆ ಸೂರ್ಯ, ಭೂಮಿ, ನೀರು, ಮರ. ಬಲಗಡೆ ರವಿ, ಧರೆ, ಜಲ, ವೃಕ್ಷ. ಮಗು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತದೆ. ಪರೀಕ್ಷೆಯಲ್ಲಿ ಪೂರ್ಣ ಅಂಕವನ್ನೂ ಪಡೆಯುತ್ತದೆ. ಕೆಲವು ದಿನಗಳ ನಂತರ ಅದೇ ಮಗುವಿನ ಕೈಗೆ ಒಂದು ಕಥೆಯನ್ನು ಕೊಟ್ಟು, ‘ದಾರಿಹೋಕನು ವೃಕ್ಷದ ನೆರಳಿನಲ್ಲಿ ವಿಶ್ರಮಿಸಿದನು’ ಎಂಬ ವಾಕ್ಯವನ್ನು ಓದಿಸಿ, ಆತ ಎಲ್ಲಿ ಕುಳಿತ ಎಂದು ಕೇಳಿದರೆ ಎಷ್ಟೋ ಮಕ್ಕಳು ತಡವರಿಸುತ್ತಾರೆ. ಪಟ್ಟಿಯಲ್ಲಿ ಚೆನ್ನಾಗಿ ಗೊತ್ತಿದ್ದ ವೃಕ್ಷ, ವಾಕ್ಯದೊಳಗೆ ಬಂದಾಗ ಅಪರಿಚಿತವಾಗಿಬಿಡುತ್ತದೆ.

ಇದು ಮಗುವಿನ ದಡ್ಡತನವಲ್ಲ. ನಾವು ಕಲಿಸಿದ ಕ್ರಮದಲ್ಲಿಯೇ ಕೊರತೆಯಿದೆ. ಸಮಾನಾರ್ಥಕವನ್ನು ಲೆಕ್ಕದ ಸಮಚಿಹ್ನೆಯಂತೆ ಕಲಿಸಿದಾಗ ಮಗು ಎರಡು ಶಬ್ದಗಳ ಜೋಡಿಯನ್ನು ನೆನಪಿಟ್ಟುಕೊಳ್ಳುತ್ತದೆಯೇ ಹೊರತು ಹೊಸ ಶಬ್ದದೊಡನೆ ಅದಕ್ಕೆ ಪರಿಚಯ ಬೆಳೆಯುವುದಿಲ್ಲ. ಇಂದು ನಮ್ಮ ಮಕ್ಕಳಲ್ಲಿ ಅನೇಕರು ಆಂಗ್ಲ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಅವರ ಪಾಲಿಗೆ ಕನ್ನಡವು ಒಂದು ವಸ್ತುವಿಗೆ ಒಂದೇ ಮಾತು ಎಂಬಷ್ಟು ಕಿರಿದಾಗುತ್ತಿದೆ. ಅಂತಹ ಮಗು ನಾಳೆ ವಚನವನ್ನೋ ಕಾವ್ಯವನ್ನೋ ಕೈಗೆತ್ತಿಕೊಂಡಾಗ ‘ಉದಕ’ ಎಂಬ ಮಾತೇ ಅದಕ್ಕೆ ಬೇಲಿಯಾದರೆ, ಒಳಗಿರುವ ಅರ್ಥದವರೆಗೆ ಅದು ತಲುಪುವುದಾದರೂ ಹೇಗೆ? ಆದುದರಿಂದ ಈ ಚಿಕ್ಕ ಪಾಠವನ್ನು ಮನೆಯಲ್ಲಿ ಯಾವ ಕ್ರಮದಲ್ಲಿ ಕಲಿಸಬಹುದು ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಸಮಾನಾರ್ಥಕ ಯಾವುದು, ಯಾವುದಲ್ಲ

ಒಂದೇ ಅರ್ಥವನ್ನು, ಇಲ್ಲವೇ ಬಹುಮಟ್ಟಿಗೆ ಒಂದೇ ಅರ್ಥವನ್ನು ತಿಳಿಸುವ ಬೇರೆ ಬೇರೆ ಪದಗಳು ಸಮಾನಾರ್ಥಕಗಳು. ಇವನ್ನು ಪರ್ಯಾಯ ಪದಗಳೆಂದೂ ಕರೆಯುತ್ತೇವೆ. ಕಾಡು, ಅಡವಿ, ಅರಣ್ಯ, ವನ ಇವು ಪರಸ್ಪರ ಸಮಾನಾರ್ಥಕಗಳು. ಒಂದೇ ಪದಕ್ಕೆ ಹಲವು ಅರ್ಥಗಳಿದ್ದರೆ ಅದು ನಾನಾರ್ಥಕ. ‘ಕಾಡು’ ಎಂಬ ಇದೇ ಪದಕ್ಕೆ ಅರಣ್ಯ ಎಂಬ ಅರ್ಥವೂ ಉಂಟು, ಪೀಡಿಸು ಎಂಬ ಅರ್ಥವೂ ಉಂಟು.

ಆರೇಳು ವರ್ಷದ ಮಕ್ಕಳನ್ನು ಸಮಾನಾರ್ಥಕ ಕೇಳಿದಾಗ ಅವರು ಸಾಮಾನ್ಯವಾಗಿ ಮೂರು ಬಗೆಯಲ್ಲಿ ದಾರಿ ತಪ್ಪುತ್ತಾರೆ. ಸೂರ್ಯ ಎಂದರೆ ‘ಬಿಸಿಲು’ ಎನ್ನುತ್ತಾರೆ. ಇದು ನಂಟಿರುವ ಪದ. ಹೂವು ಎಂದರೆ ‘ಮಲ್ಲಿಗೆ’ ಎನ್ನುತ್ತಾರೆ. ಇದು ಹೂವಿನ ಒಂದು ಜಾತಿ. ಹಗಲು ಎಂದರೆ ‘ರಾತ್ರಿ’ ಎನ್ನುತ್ತಾರೆ. ಇದು ವಿರುದ್ಧ ಪದ. ಈ ಉತ್ತರಗಳ ಮೇಲೆ ಕೆಂಪು ಗೆರೆ ಎಳೆಯುವ ಮೊದಲು ಹಿರಿಯರು ಒಂದು ಕ್ಷಣ ಯೋಚಿಸಬೇಕು. ಎರಡು ಪದಗಳ ನಡುವೆ ಏನೋ ಸಂಬಂಧವಿದೆ ಎಂಬುದನ್ನು ಮಗು ಕಂಡುಕೊಂಡಿದೆ. ಅದು ಯಾವ ಸಂಬಂಧ ಎಂಬುದಷ್ಟೇ ಇನ್ನೂ ಸ್ಪಷ್ಟವಾಗಿಲ್ಲ. ‘ಮಲ್ಲಿಗೆ ಹೂವು ಹೌದು. ಆದರೆ ಎಲ್ಲ ಹೂವೂ ಮಲ್ಲಿಗೆಯೇ ಏನು?’ ಎಂದು ಕೇಳಿದರೆ ಮಗು ತಾನಾಗಿಯೇ ಉತ್ತರವನ್ನು ತಿದ್ದಿಕೊಳ್ಳುತ್ತದೆ. ಆಗ ಪುಷ್ಪ, ಕುಸುಮ, ಸುಮ ಎಂಬ ಪದಗಳನ್ನು ಮುಂದಿಡಬಹುದು. ಇವು ಯಾವ ಹೂವಿಗಾದರೂ ಸಲ್ಲುತ್ತವೆ.

ಒಂದು ವಸ್ತುವಿಗೆ ಒಂದೇ ಹೆಸರೆಂಬ ನಂಬಿಕೆ

ಮಕ್ಕಳು ಮಾತು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ವಿದ್ವಾಂಸರು ಒಂದು ಸಂಗತಿಯನ್ನು ಗುರುತಿಸಿದ್ದಾರೆ. ಎಳೆಯ ಮಕ್ಕಳು ಒಂದು ವಸ್ತುವಿಗೆ ಒಂದೇ ಹೆಸರಿರುತ್ತದೆ ಎಂದು ಭಾವಿಸುವ ಕಡೆಗೆ ಒಲಿಯುತ್ತಾರೆ. ಹೆಸರು ಗೊತ್ತಿರುವ ಒಂದು ವಸ್ತುವನ್ನೂ ಹೆಸರು ಗೊತ್ತಿಲ್ಲದ ಇನ್ನೊಂದು ವಸ್ತುವನ್ನೂ ಮುಂದಿಟ್ಟು ಹೊಸ ಶಬ್ದವೊಂದನ್ನು ಹೇಳಿದರೆ, ಮಗು ಆ ಶಬ್ದವನ್ನು ಹೆಸರಿಲ್ಲದ ವಸ್ತುವಿಗೇ ಅಂಟಿಸುತ್ತದೆ. ಮಾತು ಕಲಿಯುವ ಮೊದಲ ವರ್ಷಗಳಲ್ಲಿ ಈ ಒಲವು ಮಗುವಿಗೆ ಬಹಳ ಉಪಕಾರಿ. ಸಮಾನಾರ್ಥಕದ ಪಾಠದಲ್ಲಿ ಮಾತ್ರ ಅದು ಅಡ್ಡ ಬರುತ್ತದೆ. ‘ನೇಸರು’ ಎಂಬ ಮಾತನ್ನು ಕೇಳಿದ ಮಗು ಅದು ಸೂರ್ಯನಲ್ಲದ ಬೇರೆ ಏನೋ ಇರಬೇಕೆಂದು ಊಹಿಸುವುದು ಸಹಜ.

ಆದ್ದರಿಂದ ಹಿರಿಯರು ಎರಡು ಪದಗಳ ನಂಟನ್ನು ಬಾಯಿಬಿಟ್ಟು ಹೇಳಬೇಕು. ಬೆಳಗಿನ ಹೊತ್ತು ಆಕಾಶದ ಕಡೆಗೆ ತೋರಿಸಿ ‘ನೋಡು, ಸೂರ್ಯ ಹುಟ್ಟಿದ; ನೇಸರು ಎಂದರೂ ಇವನೇ’ ಎಂದರೆ ಸಾಕು. ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಈ ತಿಳಿವು ಬೇಗ ಒದಗುವುದುಂಟು. ಬೆಳಗಾವಿಯ ಕಡೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಕೇಳುವ ಮಗುವಿಗೂ, ಬಳ್ಳಾರಿ, ರಾಯಚೂರುಗಳಲ್ಲಿ ಕನ್ನಡದ ಜೊತೆಗೆ ತೆಲುಗು ಕೇಳುವ ಮಗುವಿಗೂ ಒಂದೇ ವಸ್ತುವಿಗೆ ಎರಡು ಹೆಸರಿರಬಹುದೆಂಬುದು ನಿತ್ಯದ ಅನುಭವ. ಅಂತಹ ಮಕ್ಕಳಿಗೆ ‘ಅಲ್ಲಿ ಹಾಗೆ ಕರೆಯುತ್ತಾರೆ, ಇಲ್ಲಿ ಹೀಗೆ ಕರೆಯುತ್ತೇವೆ, ನಮ್ಮ ಕನ್ನಡದೊಳಗೂ ಹೀಗೆಯೇ ಎರಡು ಮೂರು ಹೆಸರುಗಳಿವೆ’ ಎಂದರೆ ತಟ್ಟನೆ ತಿಳಿಯುತ್ತದೆ.

ಮನೆಯ ಮಾತೇ ಮೊದಲ ಪಾಠ

ಸಮಾನಾರ್ಥಕಗಳನ್ನು ಕಲಿಸಲು ಮೊದಲು ಬೇಕಾದದ್ದು ಪುಸ್ತಕವಲ್ಲ, ಅಡುಗೆಮನೆ. ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆ ‘ಉಳ್ಳಾಗಡ್ಡಿ’ ಎನ್ನುವುದನ್ನು ಮೈಸೂರು, ಮಂಡ್ಯಗಳ ಕಡೆ ‘ಈರುಳ್ಳಿ’ ಎನ್ನುತ್ತಾರೆ. ಇಲ್ಲಿಯ ‘ಶೇಂಗಾ’ ಅಲ್ಲಿ ‘ಕಡಲೆಕಾಯಿ’. ಇಲ್ಲಿಯ ‘ಕಸಬರಿಗೆ’ ಅಲ್ಲಿ ‘ಪೊರಕೆ’. ಉತ್ತರದ ‘ಕೂಸು’ ಪಠ್ಯಪುಸ್ತಕದಲ್ಲಿ ‘ಮಗು’ ಆಗುತ್ತದೆ.

ಚಿತ್ರ ನೋಡಿ ಹೆಸರು ಬರೆಯುವಾಗ ಒಂದು ಮಗು ‘ಉಳ್ಳಾಗಡ್ಡಿ’ ಎಂದು ಬರೆದರೆ, ಅದು ತಪ್ಪೆಂದು ಹೊಡೆದುಹಾಕುವ ರೂಢಿ ಅಲ್ಲಲ್ಲಿ ಉಳಿದಿದೆ. ಇದರಿಂದಾಗುವ ಹಾನಿ ಒಂದು ಅಂಕದಷ್ಟೇ ಅಲ್ಲ. ತನ್ನ ಅವ್ವ ಆಡುವ ಮಾತು ಶಾಲೆಯಲ್ಲಿ ತಪ್ಪೆಂದು ತಿಳಿದ ಮಗು ಮುಂದೆ ಬಾಯಿ ತೆರೆಯಲು ಹಿಂಜರಿಯುತ್ತದೆ. ಮನೆಯ ಮಾತಿಗೂ ಪುಸ್ತಕದ ಮಾತಿಗೂ ಸಮನಾದ ಮಣೆ ಹಾಕಬಲ್ಲ ಪಾಠವೊಂದಿದ್ದರೆ ಅದು ಸಮಾನಾರ್ಥಕದ ಪಾಠವೇ. ‘ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ, ಪುಸ್ತಕದಲ್ಲಿ ಈರುಳ್ಳಿ, ಎರಡೂ ಕನ್ನಡವೇ’ ಎಂದು ಹೇಳಿದಾಗ ಮಗುವಿಗೆ ಎರಡು ಪದಗಳು ದಕ್ಕುತ್ತವೆ, ಅದರ ಧೈರ್ಯವೂ ಉಳಿಯುತ್ತದೆ.

ಅಜ್ಜ ಅಜ್ಜಿಯರಿರುವ ಮನೆಯಲ್ಲಿ ಈ ಕೆಲಸ ಇನ್ನೂ ಸುಲಭ. ಶಾಲೆಯಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಕಲಿತು ಬಂದ ಮಗುವಿಗೆ ಹಿರಿಯರು ಮೂಡಣ, ಪಡುವಣ, ಬಡಗಣ, ತೆಂಕಣ ಎಂಬ ಹೆಸರುಗಳನ್ನು ಹೇಳಿಕೊಡಲಿ. ಸೂರ್ಯ ಮೂಡುವ ಕಡೆ ಮೂಡಣ, ಅವನು ಪಡುವ, ಎಂದರೆ ಮುಳುಗುವ ಕಡೆ ಪಡುವಣ. ಹೆಸರಿನೊಳಗೇ ಅರ್ಥವಿರುವುದರಿಂದ ಅವು ಮರೆತುಹೋಗುವುದಿಲ್ಲ.

ನಮ್ಮ ಆಡುಮಾತಿನಲ್ಲಿ ಸಮಾನಾರ್ಥಕಗಳು ಜೋಡಿಯಾಗಿಯೇ ನಡೆಯುತ್ತವೆ ಎಂಬುದನ್ನೂ ಗಮನಿಸಬೇಕು. ಕೆಲಸಕಾರ್ಯ, ಬಂಧುಬಳಗ, ದಿಕ್ಕುದೆಸೆ, ದುಡ್ಡುಕಾಸು, ಮಾನಮರ್ಯಾದೆ. ‘ಕೆಲಸಕಾರ್ಯ ಎಲ್ಲ ಮುಗಿದವೇ?’ ಎಂದು ಅಜ್ಜಿ ಕೇಳುವಾಗ ಮಗುವಿನ ಕಿವಿಗೆ ಒಂದು ದೇಶ್ಯ ಪದವೂ ಒಂದು ಸಂಸ್ಕೃತ ಪದವೂ ಒಟ್ಟಿಗೇ ಬೀಳುತ್ತವೆ. ‘ಈ ಮಾತಿನಲ್ಲಿ ಒಂದೇ ಅರ್ಥದ ಎರಡು ಪದಗಳು ಅಡಗಿವೆ, ಹುಡುಕು’ ಎಂದರೆ ಪಾಠವೇ ಆಟವಾಗುತ್ತದೆ.

ಇಷ್ಟೊಂದು ಪದಗಳು ಬಂದದ್ದೆಲ್ಲಿಂದ?

ಸ್ವಲ್ಪ ದೊಡ್ಡ ಮಕ್ಕಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಕನ್ನಡಕ್ಕೆ ಪದಗಳು ಹಲವು ದಾರಿಗಳಿಂದ ಬಂದಿವೆ. ಮನೆ, ಮರ, ಕಡಲು, ನೇಸರು ಮುಂತಾದವು ಅಚ್ಚಗನ್ನಡದವು. ಗೃಹ, ವೃಕ್ಷ, ಸಮುದ್ರ, ಸೂರ್ಯ ಮುಂತಾದವು ಸಂಸ್ಕೃತದಿಂದ ಬಂದವು. ಹೀಗೆ ಬಂದವುಗಳಲ್ಲಿ ಕೆಲವು ಕನ್ನಡಿಗರ ನಾಲಿಗೆಗೆ ಒಗ್ಗಿ ರೂಪ ಬದಲಿಸಿ ತದ್ಭವಗಳಾದವು: ಆಶ್ಚರ್ಯ ಅಚ್ಚರಿಯಾಯಿತು, ಕಾರ್ಯ ಕಜ್ಜವಾಯಿತು, ಪುಸ್ತಕ ಹೊತ್ತಗೆಯಾಯಿತು. ಕೇಶಿರಾಜನು 13ನೆಯ ಶತಮಾನದ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂತಹ ಮಾರ್ಪಾಡುಗಳಿಗೆಂದೇ ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಮರಾಠಿ, ಹಿಂದಿ, ಪಾರಸಿ, ಪೋರ್ಚುಗೀಸ್, ಇಂಗ್ಲಿಷ್ ಭಾಷೆಗಳಿಂದಲೂ ಪದಗಳು ಬಂದು ಸೇರಿವೆ. ಹೀಗೆ ಒಂದೇ ಅರ್ಥದ ಸುತ್ತ ಹಲವು ಪದಗಳು ಕೂಡಿಕೊಂಡಿವೆ.

ಇವನ್ನು ಒಟ್ಟುಗೂಡಿಸಿ ಕಲಿಸುವ ಪರಂಪರೆಯೂ ನಮ್ಮಲ್ಲಿ ಹಳೆಯದು. ಅಮರಸಿಂಹನ ‘ಅಮರಕೋಶ’ವು ಸಮಾನಾರ್ಥಕಗಳನ್ನು ವಿಷಯವಾರು ಗುಂಪು ಮಾಡಿ ಮೂರು ಕಾಂಡಗಳಲ್ಲಿ ಪದ್ಯರೂಪವಾಗಿ ಕೊಡುವ ಸಂಸ್ಕೃತ ಕೋಶ. ಸಂಸ್ಕೃತ ಪಾಠಶಾಲೆಗಳಲ್ಲಿ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ‘ಅಭಿಧಾನ ವಸ್ತುಕೋಶ’ವನ್ನು ಎರಡನೆಯ ನಾಗವರ್ಮನು ರಚಿಸಿದನು. 16ನೆಯ ಶತಮಾನದಲ್ಲಿ ಲಿಂಗಣಮಂತ್ರಿಯು ಹಳಗನ್ನಡ ಪದಗಳ ಅರ್ಥವನ್ನು ತಿಳಿಸುವ ‘ಕಬ್ಬಿಗರ ಕೈಪಿಡಿ’ಯನ್ನು ಪದ್ಯದಲ್ಲಿ ಬರೆದನು. ಈ ಕೋಶಗಳಲ್ಲಿ ಬಹಳಷ್ಟು ಪದ್ಯದಲ್ಲಿರುವುದಕ್ಕೆ ಕಾರಣವಿದೆ: ಲಯವಿದ್ದರೆ ನೆನಪು ನಿಲ್ಲುತ್ತದೆ. ಇಂದಿಗೂ ಚಿಕ್ಕ ಮಕ್ಕಳಿಗೆ ಕೈತಾಳ ಹಾಕುತ್ತಾ ಪದಗಳನ್ನು ಹೇಳಿಸಿದರೆ ಬೇಗ ಬರುತ್ತವೆ. ಆದರೆ ಹಿಂದಿನವರ ಬಾಯಿಪಾಠದ ಜೊತೆಗೆ ಕಾವ್ಯದ ಓದೂ ಇತ್ತು. ಕಲಿತ ಪದಕ್ಕೆ ವಾಕ್ಯದಲ್ಲಿ ಕೆಲಸ ಸಿಗುತ್ತಿತ್ತು. ನಾವು ಬಾಯಿಪಾಠವನ್ನು ಉಳಿಸಿಕೊಂಡು ಓದನ್ನು ಬಿಟ್ಟಿದ್ದೇವೆ. ತೊಂದರೆ ಇರುವುದು ಅಲ್ಲಿ.

ನೀರಿನಿಂದ ಹುಟ್ಟುವ ಪದಗಳು

ಮೂರನೆಯ ನಾಲ್ಕನೆಯ ತರಗತಿಯ ಮಕ್ಕಳಿಗೆ ಒಂದು ಸೊಗಸಾದ ಅಭ್ಯಾಸವನ್ನು ಮಾಡಿಸಬಹುದು. ನೀರಿಗೆ ಜಲ, ವಾರಿ, ಅಂಬು, ನೀರ ಎಂಬ ನಾಲ್ಕು ಪದಗಳನ್ನು ಮೊದಲು ಪರಿಚಯಿಸಿ. ನಮ್ಮ ‘ನೀರು’ ಎಂಬ ದ್ರಾವಿಡ ಪದವೇ ಸಂಸ್ಕೃತಕ್ಕೆ ಹೋಗಿ ‘ನೀರ’ ಆಯಿತೆಂದು ಅನೇಕ ಭಾಷಾವಿದ್ವಾಂಸರ ಅಭಿಪ್ರಾಯ. ಅನಂತರ ಮೂರು ಚಿಕ್ಕ ಅಕ್ಷರಗಳನ್ನು ಹೇಳಿಕೊಡಿ: ‘ಜ’ ಎಂದರೆ ಹುಟ್ಟಿದ್ದು, ‘ದ’ ಎಂದರೆ ಕೊಡುವುದು, ‘ಧಿ’ ಎಂದರೆ ಹಿಡಿದಿಟ್ಟುಕೊಂಡಿರುವುದು.

ನೀರಿನಲ್ಲಿ ಹುಟ್ಟಿದ್ದು ತಾವರೆ. ಆದುದರಿಂದ ಅದು ಜಲಜ, ವಾರಿಜ, ಅಂಬುಜ, ನೀರಜ. ನೀರನ್ನು ಕೊಡುವುದು ಮೋಡ. ಅದು ಜಲದ, ವಾರಿದ, ಅಂಬುದ, ನೀರದ. ನೀರನ್ನು ಹಿಡಿದಿಟ್ಟುಕೊಂಡಿರುವುದು ಕಡಲು. ಅದು ಜಲಧಿ, ವಾರಿಧಿ, ಅಂಬುಧಿ, ನೀರಧಿ. ನಾಲ್ಕು ಪದ, ಮೂರು ಅಕ್ಷರ; ಮಗುವಿನ ಕೈಗೆ ಬಂದದ್ದು ಹನ್ನೆರಡು ಹೊಸ ಪದಗಳು. ಇಷ್ಟರಲ್ಲಿ ಯಾರಾದರೊಬ್ಬರು ‘ನಮ್ಮ ತರಗತಿಯಲ್ಲಿ ಅಂಬುಜಾ ಇದ್ದಾಳೆ’ ಎಂದು ಹೇಳದೆ ಇರುವುದಿಲ್ಲ. ದಕಾರ ಧಕಾರಗಳ ವ್ಯತ್ಯಾಸವನ್ನು ತಿದ್ದಲೂ ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ‘ಜಲದ’ವನ್ನು ‘ಜಲಧಿ’ ಎಂದರೆ ಮೋಡ ಕಡಲಾಗಿಬಿಡುತ್ತದೆ.

ಪದವನ್ನು ಬಿಡಿಸಿ ನೋಡುವ ಈ ಕ್ರಮದಿಂದ ಇನ್ನೂ ಕೆಲವು ಪದಗಳು ಮಕ್ಕಳಿಗೆ ಕಥೆಗಳಂತೆ ರುಚಿಸುತ್ತವೆ. ಪಾದದಿಂದ, ಎಂದರೆ ಬೇರಿನಿಂದ ಕುಡಿಯುವುದರಿಂದ ಮರವು ಪಾದಪ. ಆಕಾಶದಲ್ಲಿ ಸಂಚರಿಸುವುದರಿಂದ ಹಕ್ಕಿಯು ಖಗ. ಎದೆಯಿಂದ ತೆವಳುವುದರಿಂದ ಹಾವು ಉರಗ. ಹಗಲನ್ನು ಉಂಟುಮಾಡುವುದರಿಂದ ಸೂರ್ಯನು ದಿನಕರ.

ಸಮಾನವಾದರೂ ಸ್ಥಾನ ಬೇರೆ

ಇಷ್ಟು ಪದಗಳನ್ನು ಕಲಿತ ಮಗುವಿಗೆ ಇನ್ನೊಂದು ಮಾತನ್ನು ತಿಳಿಸಲೇಬೇಕು. ಅರ್ಥ ಒಂದಾದರೂ ಪ್ರತಿಯೊಂದು ಪದಕ್ಕೂ ಅದರದೇ ಸ್ಥಾನವಿದೆ. ಬಾಯಾರಿ ಬಂದವರು ‘ನೀರು ಕೊಡಿ’ ಎನ್ನುತ್ತಾರೆ. ‘ಸಲಿಲ ಕೊಡಿ’ ಎಂದರೆ ಕೇಳಿದವರು ನಗುತ್ತಾರೆ. ಕಣ್ಣೀರು, ತಣ್ಣೀರು, ಪನ್ನೀರು ಎನ್ನುತ್ತೇವೆ. ಜಲಪಾತ, ಜಲಾಶಯ ಎನ್ನುತ್ತೇವೆ. ಇವನ್ನು ಅದಲುಬದಲು ಮಾಡಲಾಗದು. ಹೊಲ, ಗದ್ದೆ ಎಂಬುವು ಪಟ್ಟಿಗಳಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುವುದುಂಟು. ಆದರೆ ಮಳೆಯನ್ನು ನಂಬಿ ಜೋಳ ಬಿತ್ತುವ ಹೊಲಕ್ಕೂ ನೀರು ನಿಲ್ಲಿಸಿ ಭತ್ತ ನಾಟಿ ಮಾಡುವ ಗದ್ದೆಗೂ ಇರುವ ಭೇದವನ್ನು ಒಕ್ಕಲು ಮನೆತನದ ಮಗು ನಮಗಿಂತ ಚೆನ್ನಾಗಿ ಬಲ್ಲದು.

ಮನೆಯಲ್ಲಿ ಊಟ ಮಾಡುವ ಮಗು ಮಠಕ್ಕೆ ಬಂದಾಗ ಪ್ರಸಾದ ಸ್ವೀಕರಿಸುತ್ತದೆ. ಎರಡು ಕಡೆಯೂ ತಟ್ಟೆಯಲ್ಲಿರುವುದು ಅದೇ ಅನ್ನ, ಅದೇ ಸಾರು. ಪದ ಬದಲಾದೊಡನೆ ಮಗು ಕುಳಿತುಕೊಳ್ಳುವ ರೀತಿಯೂ ಬದಲಾಗುತ್ತದೆ. ಒಂದಗುಳನ್ನೂ ಚೆಲ್ಲಬಾರದೆಂಬ ಎಚ್ಚರ ಮೂಡುತ್ತದೆ. ಸಾವಿನ ಸುದ್ದಿಯ ವಿಷಯವೂ ಹೀಗೆಯೇ. ಗಿಡ ಸತ್ತಿತು ಎನ್ನುತ್ತೇವೆ. ನೆರೆಮನೆಯ ಹಿರಿಯರು ತೀರಿಕೊಂಡರು ಎನ್ನುತ್ತೇವೆ. ಪತ್ರಿಕೆಯಲ್ಲಿ ನಿಧನ ಎಂದು ಬರೆಯುತ್ತಾರೆ. ನಮ್ಮ ಸಮಾಜದಲ್ಲಿ ಲಿಂಗೈಕ್ಯರಾದರು ಎನ್ನುತ್ತೇವೆ. ದುಃಖದಲ್ಲಿರುವ ಮನೆಗೆ ಹೋದ ಮಗು ಯಾವ ಪದವನ್ನು ಆಡಬೇಕೆಂಬುದನ್ನು ಅರಿತಿದ್ದರೆ, ಅದು ಕಲಿತದ್ದು ವ್ಯಾಕರಣವನ್ನಷ್ಟೇ ಅಲ್ಲ, ಇನ್ನೊಬ್ಬರ ಮನಸ್ಸನ್ನು ನೋಯಿಸದೆ ಮಾತನಾಡುವ ಬಗೆಯನ್ನೂ ಕಲಿತಿದೆ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮ

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಬರವಣಿಗೆ ಬೇಡ, ಮಾತು ಸಾಕು. ಒಂದು ಸಲಕ್ಕೆ ಎರಡೇ ಪದಗಳಿರಲಿ. ಅವುಗಳಲ್ಲಿ ಒಂದು ಮಗುವಿಗೆ ಚೆನ್ನಾಗಿ ಗೊತ್ತಿರುವ ಮನೆಯ ಪದವಾಗಿರಬೇಕು. ‘ಹಕ್ಕಿ ಗೂಡು ಕಟ್ಟಿದೆ’ ಎಂದು ತೋರಿಸಿದ ಹಿರಿಯರು ಸ್ವಲ್ಪ ಹೊತ್ತಿನ ಮೇಲೆ ‘ಆ ಪಕ್ಷಿ ಎಲ್ಲಿ ಹೋಯಿತು?’ ಎಂದು ಕೇಳಲಿ. ಅದೇ ಪದವನ್ನು ಆ ವಾರದಲ್ಲಿ ನಾಲ್ಕೈದು ಬಾರಿ ಬಳಸಲಿ.

ಆರರಿಂದ ಎಂಟು ವರ್ಷದವರಿಗೆ ಗುರುತಿಸುವ ಆಟ ತಕ್ಕದ್ದು. ಸಮಾನಾರ್ಥಕವನ್ನು ತಾನೇ ನೆನಪಿಸಿಕೊಂಡು ಹೇಳುವುದಕ್ಕಿಂತ ಕಂಡಾಗ ಗುರುತಿಸುವುದು ಸುಲಭ. ಆದ್ದರಿಂದ ಅದೇ ಮೊದಲು ಬರಬೇಕು. ‘ಮರ, ವೃಕ್ಷ, ಎಲೆ’ ಎಂಬ ಮೂರರಲ್ಲಿ ಗುಂಪಿಗೆ ಸೇರದ್ದು ಯಾವುದು, ಏಕೆ ಎಂದು ಕೇಳಿ. ‘ಏಕೆ’ ಎಂಬ ಪ್ರಶ್ನೆಯನ್ನು ಬಿಡಬೇಡಿ. ಮಗುವಿನ ತಿಳಿವಳಿಕೆ ಗೊತ್ತಾಗುವುದು ಆ ಉತ್ತರದಲ್ಲಿಯೇ. ಕ್ರಿಯಾಪದಗಳನ್ನು ಅಭಿನಯದಿಂದ ಕಲಿಸಬಹುದು. ನೋಡು, ಇಣುಕು, ದಿಟ್ಟಿಸು ಎಂಬ ಮೂರನ್ನು ಮಾಡಿ ತೋರಿಸಲು ಹೇಳಿ. ಮೂರರಲ್ಲಿಯೂ ಕಣ್ಣಿನ ಕೆಲಸವೇ ಇದೆ, ಆದರೂ ಒಂದರಂತೆ ಒಂದಿಲ್ಲ ಎಂಬುದು ಅದರ ಅನುಭವಕ್ಕೆ ಬರುತ್ತದೆ.

ಎಂಟು ವರ್ಷ ದಾಟಿದವರಿಗೆ ಪದ ಬದಲಿಸುವ ಅಭ್ಯಾಸ ಮಾಡಿಸಿ. ಕಥೆಯ ಒಂದು ವಾಕ್ಯವನ್ನು ತೆಗೆದುಕೊಂಡು, ಒಂದು ಪದದ ಬದಲು ಅದರ ಸಮಾನಾರ್ಥಕವನ್ನು ಇಟ್ಟು ಓದಿಸಿ ಎರಡು ಪ್ರಶ್ನೆಗಳನ್ನು ಕೇಳಬೇಕು: ಅರ್ಥ ಹಾಗೆಯೇ ಉಳಿಯಿತೇ? ಕಿವಿಗೆ ಸರಿಯಾಗಿ ಕೇಳಿಸಿತೇ? ಹೊಸದಾಗಿ ಸಿಕ್ಕ ಪದಗಳನ್ನು ಬರೆದಿಡಲು ಒಂದು ಚಿಕ್ಕ ಪುಸ್ತಕವಿರಲಿ. ಅದರಲ್ಲಿ ಪದದ ಪಕ್ಕ ಅರ್ಥವನ್ನು ಮಾತ್ರ ಬರೆಯದೆ, ಆ ಪದ ಬಂದ ವಾಕ್ಯವನ್ನೂ, ಹೇಳಿಕೊಟ್ಟವರು ಅಜ್ಜಿಯೋ ಗುರುಗಳೋ ಎಂಬುದನ್ನೂ ಬರೆಯಿಸಿ.

ದಿನಕ್ಕೆ ಹತ್ತು ಪದಗಳ ಆಸೆ ಬೇಡ. ವಾರಕ್ಕೆ ಎರಡು ಹೊಸ ಪದಗಳು ಮಗುವಿನ ಮಾತಿನಲ್ಲಿ ನೆಲೆಯೂರಿದರೆ ವರ್ಷಕ್ಕೆ ನೂರಾಗುತ್ತವೆ. ಪಟ್ಟಿಯಲ್ಲಿ ಕಲಿತು ಪರೀಕ್ಷೆಯ ಮರುದಿನ ಮರೆಯುವ ಐನೂರಕ್ಕಿಂತ ಈ ನೂರು ಹೆಚ್ಚು.

ಮಗುವಿಗೆ ಕನ್ನಡ ಬರುವುದಿಲ್ಲವೆಂದು ಕೊರಗುವ ತಂದೆತಾಯಿಗಳು ಇಂದು ಬಹಳ ಮಂದಿ ಇದ್ದಾರೆ. ಅದಕ್ಕಾಗಿ ದುಬಾರಿ ಪುಸ್ತಕವಾಗಲಿ ಪ್ರತ್ಯೇಕ ಪಾಠವಾಗಲಿ ಬೇಕಾಗಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ದೂರವಾಣಿಯನ್ನು ಬದಿಗಿಟ್ಟು, ಹಿರಿಯರು ತಮ್ಮ ಬಾಲ್ಯದಲ್ಲಿ ಕೇಳಿದ ಒಂದು ಪದವನ್ನು ಮಕ್ಕಳಿಗೆ ಹೇಳಲಿ. ‘ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನೆನ್ನುತ್ತಾರೆ?’ ಎಂದು ಕೇಳಲಿ. ಎರಡು ಪದಗಳೂ ಆ ಮನೆಯಲ್ಲಿ ಉಳಿಯುತ್ತವೆ.